ಮನೆಯಂಗಳದ ಪ್ರವಾಸಿ



ಶಾಲೆಯಿಂದಲೋ ಕಾಲೇಜಿನಿಂದಲೋ ನೀವು ಪ್ರವಾಸಕ್ಕೆ ಹೋಗಿರುತ್ತೀರಿ. ಬೆಳಗಿನ ಜಾವ ನಾಲ್ಕಕ್ಕೆ ಬರಬೇಕಾದ ಬಸ್ಸು ಆರಕ್ಕೆ ಬಂದಿರುತ್ತದೆ. ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ, ಮುಂದಿನ ಸೀಟಿನಲ್ಲಿ ವಾಂತಿ. ಮಧ್ಯಾಹ್ನಕ್ಕೆಂದು ಕಟ್ಟಿಸಿಕೊಂಡ ಚಿತ್ರಾನ್ನ ಹತ್ತು ಗಂಟೆಗೇ ಮುಗಿದಿರುತ್ತದೆ. ಮರಳಿ ಬಂದ ಮೇಲೆ ಕನ್ನಡ ಮೇಷ್ಟ್ರು 'ನಾನು ಕೈಗೊಂಡ ಪ್ರವಾಸ' ಎಂಬ ಪ್ರಬಂಧ ಬರೆಯಲು ಹೇಳುತ್ತಾರೆ. ಆಗ ನೀವು ಏನು ಬರೆದಿರಿ, ನೆನಪಿಸಿಕೊಳ್ಳಿ. 'ಬೇಲೂರು ಹೊಯ್ಸಳರ ಕಾಲದ ಶಿಲ್ಪಕಲೆಗೆ ಹೆಸರುವಾಸಿಯಾಗಿದೆ' ಎಂದು ತಾನೆ? ಬಸ್ಸು ತಡವಾದದ್ದು, ಚಿತ್ರಾನ್ನ ಮುಗಿದದ್ದು, ಗೈಡು ಹೇಳಿದ್ದನ್ನು ಕೇಳದೆ ನೀವು ದೇವಸ್ಥಾನದ ಹೊರಗೆ ಸೌತೆಕಾಯಿ ತಿನ್ನುತ್ತಾ ನಿಂತಿದ್ದದ್ದು, ಇವು ಯಾವುವೂ ಪ್ರಬಂಧದಲ್ಲಿ ಬಂದಿರುವುದಿಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು, ಪುಸ್ತಕದಲ್ಲಿ ಮೊದಲೇ ಇದ್ದದ್ದನ್ನು ಬರೆದು ನಾವು ಅಂಕ ಪಡೆದಿದ್ದೇವೆ. ನಾನೂ ಪಡೆದಿದ್ದೇನೆ, ಹತ್ತಕ್ಕೆ ಏಳು.

ನಾವು ಹೀಗೆ ಬಿಟ್ಟುಬಿಡುವುದನ್ನೇ ಆರಿಸಿಕೊಂಡು ಬರೆದು ಲೋಕಪ್ರಸಿದ್ಧರಾದ ಒಬ್ಬ ಲೇಖಕರಿದ್ದಾರೆ. ಹೆಸರು ಬಿಲ್ ಬ್ರೈಸನ್. ಅವರನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಇದು ಇಂಗ್ಲಿಷ್ ಸಾಹಿತ್ಯವನ್ನು ಅರೆದು ಕುಡಿದವರ ಮಾತೆಂದು ಭಾವಿಸಬೇಡಿ. ನಾನು ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ದೂರದರ್ಶನದ ಕಾರ್ಯಕ್ರಮ ತಯಾರಿಕೆ. ಈ ಲೇಖಕರು ನನಗೆ ಇಷ್ಟವಾಗುವುದಕ್ಕೆ ಈ ಎರಡೂ ಕಾರಣ. ಜೊತೆಗೆ ನಾನು ಮಾಡಿದ ಒಂದು ತಪ್ಪೂ ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಬ್ರೈಸನ್ ಹುಟ್ಟಿದ್ದು 1951ರಲ್ಲಿ, ಅಮೆರಿಕದ ಅಯೋವ ರಾಜ್ಯದ ಡಿ ಮಾಯ್ನ್ ನಗರದಲ್ಲಿ. ಅಯೋವ ಎಂದರೆ ಕಣ್ಣು ಹಾಯುವಷ್ಟು ದೂರವೂ ಮುಸುಕಿನ ಜೋಳದ ಹೊಲ. ತಂದೆ ಅಲ್ಲಿನ ಪತ್ರಿಕೆಯೊಂದರಲ್ಲಿ ಕ್ರೀಡಾ ಬರಹಗಾರ, ತಾಯಿಯೂ ಪತ್ರಕರ್ತೆ. ಮಗ ಕಾಲೇಜನ್ನು ನಡುವೆಯೇ ಬಿಟ್ಟು ಬೆನ್ನಿಗೊಂದು ಚೀಲ ಏರಿಸಿಕೊಂಡು ಯೂರೋಪಿಗೆ ಹೊರಟ. 1973ರ ಮಾರ್ಚ್ ತಿಂಗಳ ಒಂದು ಮಂಜಿನ ರಾತ್ರಿ ಫ್ರಾನ್ಸಿನ ಕಡೆಯಿಂದ ಹಡಗಿನಲ್ಲಿ ಇಂಗ್ಲೆಂಡಿನ ಡೋವರ್ ಬಂದರಿಗೆ ಬಂದು ಇಳಿದ. ವಸತಿಗೃಹಗಳೆಲ್ಲ ಬಾಗಿಲು ಹಾಕಿದ್ದವು. ಕಡಲ ದಂಡೆಯ ತಂಗುದಾಣವೊಂದರ ಬೆಂಚಿನ ಮೇಲೆ ರಾತ್ರಿ ಕಳೆಯಬೇಕಾಯಿತು. ಚಳಿ ತಡೆಯಲಾರದೆ ಚೀಲದಲ್ಲಿದ್ದ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡದ್ದಾಯಿತು. ಕೊನೆಗೆ ಒಂದು ದೊಗಳೆ ಚಡ್ಡಿಯನ್ನು ಮಫ್ಲರಿನಂತೆ ತಲೆಗೆ ಏರಿಸಿಕೊಂಡು ಮಲಗಿದರು.

ಮುಂದೆ ಇಂಗ್ಲೆಂಡಿನ ಬಗ್ಗೆ ಬರೆದ 'ನೋಟ್ಸ್ ಫ್ರಮ್ ಎ ಸ್ಮಾಲ್ ಐಲ್ಯಾಂಡ್' ಎಂಬ ಪುಸ್ತಕವನ್ನು ಅವರು ಪ್ರಾರಂಭಿಸುವುದು ಇಲ್ಲಿಂದಲೇ. ಇಂಗ್ಲೆಂಡಿನ ಇತಿಹಾಸದಿಂದಲ್ಲ, ರಾಜಮನೆತನದಿಂದಲೂ ಅಲ್ಲ. ಇದನ್ನು ಸ್ವಲ್ಪ ಗಮನಿಸಿ. ಮುಂದೆ ನಾನೂರು ಪುಟ ಆ ದೇಶದ ಜನರ ಊಟ, ಹವೆ, ಸರತಿ ಸಾಲು, ಚಹಾ, ರೈಲು, ಎಲ್ಲದರ ಬಗ್ಗೆಯೂ ಅವರು ನಗುತ್ತಾ ಹೋಗುತ್ತಾರೆ. ಆದರೆ ನಗುವ ಮೊದಲು, ತಲೆಯ ಮೇಲೆ ಚಡ್ಡಿ ಇಟ್ಟುಕೊಂಡ ಮನುಷ್ಯ ನಾನು ಎಂದು ಓದುಗನಿಗೆ ತೋರಿಸಿಬಿಡುತ್ತಾರೆ. 1995ರಲ್ಲಿ ಬಂದ ಈ ಪುಸ್ತಕವನ್ನು, ಇಂಗ್ಲೆಂಡನ್ನು ಅತ್ಯುತ್ತಮವಾಗಿ ಪ್ರತಿನಿಧಿಸುವ ಕೃತಿ ಎಂದು 2003ರ ವಿಶ್ವ ಪುಸ್ತಕ ದಿನದಂದು ಅಲ್ಲಿನ ಓದುಗರೇ ಮತ ಹಾಕಿ ಆರಿಸಿದರು. ತಮ್ಮನ್ನು ಗೇಲಿ ಮಾಡಿದ ಪರದೇಶಿಯನ್ನು ಜನ ಹೀಗೆ ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ.

ಆ ರಾತ್ರಿಯ ನಂತರ ಅವರು ಇಂಗ್ಲೆಂಡಿನಲ್ಲೇ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ದಾದಿಯಾಗಿದ್ದ ತರುಣಿಯನ್ನು ಮದುವೆಯಾದರು. ಊರಿಗೆ ಹೋಗಿ ಪದವಿ ಮುಗಿಸಿ ಮತ್ತೆ ಬಂದರು, ಲಂಡನ್ನಿನ ಪತ್ರಿಕೆಗಳಲ್ಲಿ ಉಪಸಂಪಾದಕರಾಗಿ ದುಡಿದರು, ನಾಲ್ಕು ಮಕ್ಕಳಾದವು. ಹೀಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಳೆದ ಮೇಲೆ 1995ರಲ್ಲಿ ಸಂಸಾರ ಸಮೇತ ಅಮೆರಿಕಕ್ಕೆ ಮರಳಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿ ಮನೆ ಮಾಡಿದರು. ನನಗೆ ಬಹಳ ಹಿಡಿಸುವ ಭಾಗ ಪ್ರಾರಂಭವಾಗುವುದು ಇಲ್ಲಿ.

ಲಂಡನ್ನಿನ ಪತ್ರಿಕೆಯೊಂದಕ್ಕೆ ಅವರು ವಾರಕ್ಕೊಂದು ಅಂಕಣ ಬರೆಯಬೇಕಾಯಿತು. ವಿಷಯ ಅಮೆರಿಕದ ಜೀವನ. ವಾರವಾರವೂ ಅಮೆರಿಕ ಸುತ್ತುವುದು ಆಗುವ ಕೆಲಸವೇ? ಆದ್ದರಿಂದ ಅವರು ತಮ್ಮ ಮನೆ, ಬೀದಿ, ಅಂಚೆ ಕಚೇರಿ, ಅಂಗಡಿಗಳನ್ನೇ ಪರದೇಶದಂತೆ ನೋಡಲು ಕುಳಿತರು. ನಿಜವಾಗಿಯೂ ಅವು ಅವರಿಗೆ ಪರದೇಶವೇ ಆಗಿದ್ದವು. ಯೋಚಿಸಿ ನೋಡಿ. ಊರು ಬಿಟ್ಟಾಗ ಅವರಿಗೆ ಇಪ್ಪತ್ತು ಚಿಲ್ಲರೆ ವಯಸ್ಸು. ಅಮೆರಿಕದಲ್ಲಿ ಮಗುವಾಗಿ ಇರುವುದು ಹೇಗೆಂದು ಅವರಿಗೆ ಗೊತ್ತಿತ್ತು, ಗೃಹಸ್ಥನಾಗಿ ಇರುವುದು ಹೇಗೆಂದು ಗೊತ್ತಿರಲಿಲ್ಲ. ಗೋಡೆಯಲ್ಲಿ ಮೊಳೆ ಕಿತ್ತ ತೂತು ಮುಚ್ಚಬೇಕು. ಅದಕ್ಕೆ ಬಳಿಯುವ ಮೆತ್ತನೆಯ ಪುಡಿಗೆ ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಬೇರೊಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ತಾನು ಹುಟ್ಟಿದ ದೇಶದ ಭಾಷೆಯಲ್ಲೇ, ಹೊರಗಿನವನಂತೆ ಕೈಸನ್ನೆ ಮಾಡಿ ವಸ್ತುವನ್ನು ವಿವರಿಸಬೇಕಾಯಿತು. ಅಮೆರಿಕದವನಂತೆ ಮಾತನಾಡುತ್ತಾನೆ, ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವುದು ಗೊತ್ತಿಲ್ಲ, ಇವನು ಎಲ್ಲಿಂದ ಬಂದ ಎಂದು ಅಂಗಡಿಯವನಿಗೆ ಅನ್ನಿಸದಿರುತ್ತದೆಯೇ?

ಹಾಸ್ಟೆಲ್ಲಿನಲ್ಲಿ ಐದಾರು ವರ್ಷ ಇದ್ದು ಊರಿಗೆ ಮರಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಪೇಚು ನಿಮಗೆ ಅರ್ಥವಾಗುತ್ತದೆ. 'ಹೋಗಿ ಹಗ್ಗ ತಗೊಂಡು ಬಾ' ಎಂದು ಅಪ್ಪ ಹೇಳಿದರೆ, ಯಾವ ಹಗ್ಗ, ಅದು ಎಲ್ಲಿರುತ್ತದೆ, ಎಂದು ನಮ್ಮ ಮನೆಯಲ್ಲೇ ನಾವು ಕೇಳಬೇಕಾಗುತ್ತದೆ.

ಆ ಅಂಕಣಗಳಲ್ಲಿ ಒಂದು, ನಡಿಗೆಯನ್ನು ಕುರಿತದ್ದು. ಬ್ರೈಸನ್‌ರಿಗೆ ಪರಿಚಯದ ಒಬ್ಬ ಮಹಿಳೆ ವಾರಕ್ಕೆ ಹಲವು ಸಲ ವ್ಯಾಯಾಮಶಾಲೆಗೆ ಹೋಗುತ್ತಿದ್ದರು. ಅಲ್ಲಿ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ ಎಂಬುದು ಅವರ ದೂರು. ವ್ಯಾಯಾಮಶಾಲೆ ಮನೆಯಿಂದ ಹೆಚ್ಚೆಂದರೆ ಆರು ನಿಮಿಷದ ನಡಿಗೆ. ಅಲ್ಲಿಗೆ ಹೋಗಿ ಆಕೆ ಮಾಡುತ್ತಿದ್ದುದು ಏನು? ಓಡುವ ಪಟ್ಟಿಯ ಮೇಲೆ ನಿಂತು ನಡೆಯುವುದು. ನಡೆದುಕೊಂಡೇ ಹೋಗಿ ಯಂತ್ರದ ಮೇಲೆ ಆರು ನಿಮಿಷ ಕಡಿಮೆ ಮಾಡಬಹುದಲ್ಲ ಎಂದು ಇವರು ಸೂಚಿಸಿದರೆ, ಪಾಪ ಇವನಿಗೆ ಬುದ್ಧಿ ಸಾಲದು ಎಂಬಂತೆ ಆಕೆ ನೋಡಿದರಂತೆ. ಯಂತ್ರವಾದರೆ ದೂರ, ವೇಗ ಎಲ್ಲವನ್ನೂ ದಾಖಲಿಸುತ್ತದೆ, ಬೀದಿ ದಾಖಲಿಸುವುದಿಲ್ಲವಲ್ಲ! ಇದು 1990ರ ದಶಕದ ಅಮೆರಿಕದ ಮಾತು. ಈಗ ಬೆಂಗಳೂರಿನ ಯಾವುದಾದರೂ ದೊಡ್ಡ ಉದ್ಯಾನದ ಮುಂದೆ ಬೆಳಿಗ್ಗೆ ಆರು ಗಂಟೆಗೆ ನಿಂತು ನೋಡಿ. ವಾಕಿಂಗಿಗೆ ಬಂದವರ ಕಾರುಗಳು ಎರಡು ಸಾಲಿನಲ್ಲಿ ನಿಂತಿರುತ್ತವೆ. ನಡೆಯಲು ಬಂದವರು ಕಾರುಗಳ ನಡುವೆ ನಡೆಯಲು ಜಾಗವಿಲ್ಲದೆ ಅಡ್ಡಡ್ಡ ಸರಿಯುತ್ತಿರುತ್ತಾರೆ.

ಇನ್ನೊಂದು ಅಂಕಣ ಅಂಕಿಸಂಖ್ಯೆಯ ಪುಸ್ತಕದಿಂದ ಹುಟ್ಟಿದ್ದು. ಅಮೆರಿಕದ ಸರ್ಕಾರ ವರ್ಷವರ್ಷವೂ ಪ್ರಕಟಿಸುತ್ತಿದ್ದ ಒಂದು ದಪ್ಪ ಸಾಂಖ್ಯಿಕ ಗ್ರಂಥವನ್ನು ಬ್ರೈಸನ್ ಕಾದಂಬರಿಯಂತೆ ಓದುತ್ತಿದ್ದರು. ಅದರಲ್ಲಿ ಅವರಿಗೆ ಸಿಕ್ಕ ಒಂದು ಸಂಗತಿ: ಮಂಚ, ಹಾಸಿಗೆ, ದಿಂಬುಗಳಿಂದ ಗಾಯಗೊಳ್ಳುವ ಅಮೆರಿಕನ್ನರು ಒಂದು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು. ದಿಂಬಿನಿಂದ ಗಾಯ ಮಾಡಿಕೊಳ್ಳುವುದು ಹೇಗೆ? ಅವರು ಅದನ್ನು ಹಿಡಿದುಕೊಂಡು ಪುಟಗಟ್ಟಲೆ ಬೆರಗಾಗುತ್ತಾರೆ. ಓದುವಾಗ ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಬಿ.ಎಸ್ಸಿ. ಓದಿದ ಬುದ್ಧಿ ಎದ್ದು ಕುಳಿತಿತು. ಅಂಶವೇನೋ 4 ಲಕ್ಷ ಸರಿ, ಛೇದ ಎಷ್ಟು? ಆಗ ಅಮೆರಿಕದ ಜನಸಂಖ್ಯೆ 26, 27 ಕೋಟಿ. ಅಂದರೆ ಆರೇಳು ನೂರು ಜನರಲ್ಲಿ ಒಬ್ಬರು. ಅದರಲ್ಲೂ ದಿನಕ್ಕೆ ಏಳೆಂಟು ಗಂಟೆ ಎಲ್ಲರೂ ಬಿದ್ದುಕೊಂಡಿರುವ ಜಾಗ ಹಾಸಿಗೆಯೇ. ಮುದುಕರು ಮಂಚದಿಂದ ಬೀಳುತ್ತಾರೆ, ಮಕ್ಕಳು ಮಂಚದ ಮೇಲೆ ಕುಣಿಯುತ್ತಾರೆ. ಹೀಗೆ ನೋಡಿದರೆ ಆ ಸಂಖ್ಯೆ ಅಷ್ಟೇನೂ ವಿಚಿತ್ರವಲ್ಲ. ಹಾಸ್ಯ ಬೇಕಾದರೆ ಛೇದವನ್ನು ಮುಚ್ಚಿಡಬೇಕು, ವಿಜ್ಞಾನ ಬೇಕಾದರೆ ತೆರೆದಿಡಬೇಕು. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ದೊಡ್ಡ ಸಂಖ್ಯೆಯೊಂದನ್ನು ಕಂಡಾಗ ಛೇದವನ್ನು ಹುಡುಕುವ ಅಭ್ಯಾಸ ನನಗೆ ಹತ್ತಿದ್ದು ಮಾತ್ರ, ನಿಜ ಹೇಳಬೇಕೆಂದರೆ, ತರಗತಿಯಲ್ಲಲ್ಲ. ಈ ದಿಂಬಿನ ಅಂಕಣ ಓದಿದ ಮೇಲೆ.

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಆಕ್ಷೇಪ ಹುಟ್ಟಿರಬಹುದು. ಬೇರೆಯವರ ನಡೆನುಡಿಯನ್ನು ನೋಡಿ ನಗುವುದು ಸರಿಯೇ? ಬ್ರೈಸನ್‌ರ ಮೊದಲ ಪ್ರವಾಸ ಕಥನ 'ದಿ ಲಾಸ್ಟ್ ಕಾಂಟಿನೆಂಟ್' ಓದಿದರೆ ಈ ಆಕ್ಷೇಪಕ್ಕೆ ಬಲ ಬರುತ್ತದೆ. ಅದು 1989ರಲ್ಲಿ ಬಂದ ಪುಸ್ತಕ. ತಂದೆ ತೀರಿಕೊಂಡ ಮೇಲೆ, ಬಾಲ್ಯದಲ್ಲಿ ಅವರೊಡನೆ ಹೋಗಿದ್ದ ದಾರಿಗಳನ್ನು ನೆನೆದು ಅಮೆರಿಕದ ಸಣ್ಣ ಊರುಗಳನ್ನು ಕಾರಿನಲ್ಲಿ ಸುತ್ತಿದ ಕಥೆ. 38 ರಾಜ್ಯ, 13,978 ಮೈಲಿ. ತಂದೆಯ ನೆನಪು ಬಂದಾಗಲೆಲ್ಲ ಬರಹ ಮೃದುವಾಗುತ್ತದೆ. ಆದರೆ ಹೋಟೆಲಿನಲ್ಲಿ ಊಟ ಬಡಿಸುವವರು, ದಪ್ಪಗಿರುವವರು, ನಿಧಾನವಾಗಿ ಮಾತನಾಡುವವರು ಎದುರಾದಾಗ ಲೇಖನಿಗೆ ಮುಳ್ಳು ಬಂದುಬಿಡುತ್ತದೆ. ಅಲ್ಲಿ ಲೇಖಕ ಕಾರಿನೊಳಗೆ ಕ್ಷೇಮವಾಗಿ ಕುಳಿತಿದ್ದಾನೆ, ಮಿಕ್ಕವರೆಲ್ಲ ಗಾಜಿನ ಹೊರಗೆ. ನನಗಂತೂ ಆ ಪುಟಗಳು ರುಚಿಸುವುದಿಲ್ಲ.

ರುಚಿಸದೆ ಇರುವುದಕ್ಕೆ ಕಾರಣ, ಆ ಕಾರಿನಲ್ಲಿ ನಾನೂ ಒಮ್ಮೆ ಕುಳಿತಿದ್ದೆ.

ಹತ್ತು ಹದಿನೈದು ವರ್ಷಗಳ ಹಿಂದಿನ ಮಾತು. ಊರೂರು ತಿರುಗಿ ನಗೆಯೊಡನೆ ಪರಿಚಯ ಮಾಡಿಕೊಡುವ ಒಂದು ಕಾರ್ಯಕ್ರಮ ಮಾಡಬೇಕೆಂದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಗೆ ಕ್ಯಾಮೆರಾ ಹೊತ್ತು ಹೋಗಿದ್ದೆವು. ಆ ಊರಿಗೆ ದಿನಕ್ಕೆ ಎರಡು ಸಲ ಬಸ್ಸು. ಹನ್ನೊಂದು ಗಂಟೆಯ ಬಸ್ಸಿಗೆ ಹತ್ತು ಗಂಟೆಗೇ ಬಂದು ಜನ ಅರಳಿಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ನಮಗೆ ಅದು ಬಹಳ ತಮಾಷೆಯಾಗಿ ಕಂಡಿತು. ಎಲೆ ಅಡಿಕೆ ಹಾಕುವ ಬಾಯಿಗಳನ್ನು ಹತ್ತಿರದಿಂದ, ಆಕಳಿಸುವ ಅಜ್ಜನನ್ನು ಇನ್ನೂ ಹತ್ತಿರದಿಂದ ಚಿತ್ರೀಕರಿಸಿದೆವು. ಬಸ್ಸು ಬಂದಾಗ ಅವರಲ್ಲಿ ಅರ್ಧದಷ್ಟು ಜನ ಹತ್ತಲೇ ಇಲ್ಲ. ನಮ್ಮ ಸಂತೋಷಕ್ಕೆ ಪಾರವೇ ಇರಲಿಲ್ಲ. 'ಇಲ್ಲಿ ಗಡಿಯಾರಕ್ಕೂ ರಜೆ' ಎಂಬ ಅರ್ಥ ಬರುವ ನಿರೂಪಣೆಯನ್ನು ನಾನೇ ಬರೆದೆ. ಸಂಕಲನದ ಕೋಣೆಯಲ್ಲಿ ಎಲ್ಲರೂ ನಕ್ಕರು. ಪ್ರಸಾರವಾಯಿತು.

ಎರಡು ವಾರದ ನಂತರ ಒಂದು ಕಾಗದ ಬಂತು. ಒಂಬತ್ತನೆಯ ತರಗತಿಯ ಹುಡುಗಿ, ಅದೇ ಊರಿನವಳು, ಗೆರೆ ಹಾಕಿದ ಹಾಳೆಯಲ್ಲಿ ದುಂಡಗೆ ಬರೆದಿದ್ದಳು. ಕೋಪದ ಒಂದು ಮಾತೂ ಇರಲಿಲ್ಲ. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು, ತೋಟಕ್ಕೊಂದು ಇರುತ್ತವೆ, ಬಸ್ಸಿನ ಹೊತ್ತಿಗೆ ಮಾತ್ರ ಎಲ್ಲರೂ ಒಂದು ಕಡೆ ಸಿಗುತ್ತಾರೆ, ಕಾಗದಪತ್ರ, ಆಳುಕಾಳು, ಮದುವೆ ಮಾತುಕತೆ ಎಲ್ಲ ಆ ಕಟ್ಟೆಯ ಮೇಲೆಯೇ ಆಗುವುದು, ಆದ್ದರಿಂದ ಬೇಗ ಬರುತ್ತಾರೆ, ಎಂದು ವಿವರಿಸಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ. ನೀವು ಬಂದ ದಿನ ನಿಮ್ಮ ವ್ಯಾನು ಇಳಿಜಾರಿನಲ್ಲಿ ಹೂತುಕೊಂಡಿತ್ತು, ಕಟ್ಟೆಯ ಮೇಲಿದ್ದವರೇ ಎದ್ದು ಬಂದು ತಳ್ಳಿದರು, ಅದನ್ನು ಟೀವಿಯಲ್ಲಿ ಯಾಕೆ ತೋರಿಸಲಿಲ್ಲ?

ತಳ್ಳಿದ್ದು ನಿಜ. ಆಕಳಿಸಿದ ಅಜ್ಜನೂ ಕೈ ಹಾಕಿದ್ದರು. ಅಜ್ಜನ ನಿಧಾನವನ್ನು ನಾವು ಅಳೆದೆವು, ನಮ್ಮ ಚಕ್ರ ಕೆಸರಿನಲ್ಲಿ ತಿರುಗುತ್ತಿದ್ದುದನ್ನು ಅಳೆಯಲಿಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾ ಮುಚ್ಚಳ ಹಾಕಿಕೊಂಡು ಸೀಟಿನ ಮೇಲೆ ಕುಳಿತಿತ್ತು. ಇನ್ನೂ ನಾಚಿಕೆಯ ಸಂಗತಿ ಬೇರೆ ಇದೆ. ಇಡೀ ಒಂದು ದಿನ ಆ ಊರಿನಲ್ಲಿದ್ದರೂ 'ಯಾಕೆ ಇಷ್ಟು ಬೇಗ ಬರುತ್ತೀರಿ?' ಎಂದು ನಾವು ಒಬ್ಬರನ್ನೂ ಕೇಳಿರಲಿಲ್ಲ. ವಿಜ್ಞಾನ ಓದಿದವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಈಗ ಬ್ರೈಸನ್‌ರ ಮುಂದಿನ ಪುಸ್ತಕಗಳಿಗೆ ಬರೋಣ. ಅವರಿಗೆ ಯಾವ ಹುಡುಗಿ ಕಾಗದ ಬರೆದಳೋ ನಾನರಿಯೆ, ಆದರೆ ಕಾರಿನಿಂದ ಅವರು ಇಳಿದರು. 1996ರಲ್ಲಿ ನಿಜವಾಗಿಯೇ ಇಳಿದು ನಡೆದರು. ಅಮೆರಿಕದ ಪೂರ್ವ ಭಾಗದಲ್ಲಿ ಅಪಲೇಷಿಯನ್ ಟ್ರೇಲ್ ಎಂಬ ಕಾಡುದಾರಿ ಇದೆ, ಸುಮಾರು 3,500 ಕಿಲೋಮೀಟರ್ ಉದ್ದ. ತನ್ನಷ್ಟೇ ಅಯೋಗ್ಯನಾದ ಒಬ್ಬ ಹಳೆಯ ಗೆಳೆಯನನ್ನು ಜೊತೆಗೆ ಕಟ್ಟಿಕೊಂಡು ಅದನ್ನು ಪೂರ್ತಿ ನಡೆಯಲು ಹೊರಟರು. ಹೊರಡುವ ಮೊದಲು ಕರಡಿಗಳ ದಾಳಿಯ ಬಗ್ಗೆ ಒಂದು ಪುಸ್ತಕ ಓದಿ ನಿದ್ದೆ ಕೆಡಿಸಿಕೊಂಡದ್ದಾಯಿತು. ಹೊರಟ ಮೇಲೆ ಗೆಳೆಯ ಚೀಲ ಭಾರವೆಂದು ತಿನ್ನುವ ಸಾಮಾನನ್ನೇ ದಾರಿಯಲ್ಲಿ ಎಸೆದುಬಿಟ್ಟ. ಕೊನೆಗೆ ಅವರು ನಡೆದದ್ದು 870 ಮೈಲಿ, ಅಂದರೆ 1,400 ಕಿಲೋಮೀಟರ್, ಪೂರ್ತಿ ದಾರಿಯ ಅರ್ಧಕ್ಕೂ ಕಡಿಮೆ. 'ಎ ವಾಕ್ ಇನ್ ದಿ ವುಡ್ಸ್' ಎಂಬ ಆ ಪುಸ್ತಕ ಸೋತವನ ವರದಿ. ನಡುನಡುವೆ ಆ ಕಾಡು ಹೇಗೆ ಹುಟ್ಟಿತು, ಚೆಸ್ಟ್‌ನಟ್ ಮರಗಳು ಒಂದು ಶಿಲೀಂಧ್ರಕ್ಕೆ ಸಿಕ್ಕಿ ಹೇಗೆ ಅಳಿದವು ಎಂಬುದೆಲ್ಲ ಬರುತ್ತದೆ. ನಗುತ್ತಾ ಓದುತ್ತಿದ್ದವನು ಅರಿವಿಲ್ಲದೆಯೇ ಸಸ್ಯಶಾಸ್ತ್ರ ಓದಿರುತ್ತಾನೆ.

ಆಮೇಲಿನ ಸಂಗತಿ ನಿಮ್ಮಂಥವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಒಮ್ಮೆ ಶಾಂತಸಾಗರದ ಮೇಲೆ ವಿಮಾನದಲ್ಲಿ ಹೋಗುತ್ತಾ ಬ್ರೈಸನ್ ಕಿಟಕಿಯಿಂದ ಕೆಳಗೆ ನೋಡುತ್ತಿದ್ದರಂತೆ. ಈ ಕಡಲಿನ ನೀರು ಉಪ್ಪು, ಅಮೆರಿಕದ ಮಹಾಸರೋವರಗಳ ನೀರು ಸಿಹಿ, ಅದೇಕೆ ಹಾಗೆ, ಎಂದು ಯೋಚಿಸಿದರೆ ಅವರಿಗೆ ಉತ್ತರ ಗೊತ್ತಿರಲಿಲ್ಲ. ನಮಗೆ ಗೊತ್ತಿದೆಯೇ? ಈ ಸಾಲನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು, ಪದವಿ ಪತ್ರ ಕೈಯಲ್ಲಿರುವ ಮನುಷ್ಯ, ಐದು ನಿಮಿಷ ತಲೆ ಕೆರೆದುಕೊಂಡೆ. ಉತ್ತರ ಸರಳವಾಗಿದೆ. ಮಳೆನೀರು ಬಂಡೆಗಳಿಂದ ಲವಣವನ್ನು ಕರಗಿಸಿ ನದಿಗೆ ತರುತ್ತದೆ, ನದಿ ಕಡಲಿಗೆ ಒಯ್ಯುತ್ತದೆ. ಕಡಲಿನಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೋಟ್ಯಂತರ ವರ್ಷ ಹೀಗೆ ನಡೆದು ಇಂದು ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇದೆ. ಮಹಾಸರೋವರಗಳಿಗಾದರೋ ಹೊರಹೋಗುವ ದಾರಿ ಇದೆ. ಬಂದ ಲವಣ ಸೇಂಟ್ ಲಾರೆನ್ಸ್ ನದಿಯ ಮೂಲಕ ಅಟ್ಲಾಂಟಿಕ್ ಸೇರುತ್ತದೆ. ಹೊರದಾರಿ ಇಲ್ಲದ ಸರೋವರ ಉಪ್ಪಾಗುತ್ತದೆ, ನಮ್ಮ ರಾಜಸ್ಥಾನದ ಸಾಂಭರ್ ಸರೋವರದ ಹಾಗೆ. ಹೆಸರೇ ಸಾಂಭರ್, ಉಪ್ಪು ಹೆಚ್ಚಾದದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ಹೀಗೆ ಗೊತ್ತಿಲ್ಲದ್ದನ್ನು ಕೇಳುತ್ತಾ ಹೋಗಿ, ಮೂರು ವರ್ಷ ಓದಿ, ವಿಜ್ಞಾನಿಗಳನ್ನು ಕಂಡು ಮಾತನಾಡಿಸಿ, 2003ರಲ್ಲಿ ಅವರು ಬರೆದ ಪುಸ್ತಕ 'ಎ ಶಾರ್ಟ್ ಹಿಸ್ಟರಿ ಆಫ್ ನಿಯರ್ಲಿ ಎವೆರಿಥಿಂಗ್'. ಶಾಲೆಯಲ್ಲಿದ್ದಾಗ ಅವರ ವಿಜ್ಞಾನ ಪುಸ್ತಕದಲ್ಲಿ, ಕಲ್ಲಂಗಡಿ ಹೋಳು ತೆಗೆದಂತೆ ಭೂಮಿಯನ್ನು ಕೊಯ್ದು ಒಳಗಿನ ಪದರಗಳನ್ನು ತೋರಿಸಿದ ಚಿತ್ರವಿತ್ತಂತೆ. ಅದನ್ನು ನೀವೂ ನೋಡಿದ್ದೀರಿ, ಪರೀಕ್ಷೆಗಾಗಿ ಬರೆದು ಬಣ್ಣವನ್ನೂ ಹಚ್ಚಿದ್ದೀರಿ. ಆ ಹುಡುಗನಿಗೆ ಬಂದ ಪ್ರಶ್ನೆ: ಇದು ಅವರಿಗೆ ಗೊತ್ತಾದದ್ದು ಹೇಗೆ? ಅಷ್ಟು ಆಳಕ್ಕೆ ಯಾರು ಹೋಗಿ ನೋಡಿದರು? ಪುಸ್ತಕ ಮನೆಗೆ ಕೊಂಡೊಯ್ದು ಆಸೆಯಿಂದ ಓದಿದರೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಭೂಕಂಪದ ಅಲೆಗಳು ಭೂಮಿಯೊಳಗೆ ಎಲ್ಲಿ ಬಾಗುತ್ತವೆ, ಎಲ್ಲಿ ಹಿಂದಿರುಗುತ್ತವೆ ಎಂದು ಲೆಕ್ಕ ಹಾಕಿ ಅದನ್ನು ಕಂಡುಕೊಂಡರು. ನಟ್ಟನಡುವೆ ಇನ್ನೊಂದು ಒಳಗರ್ಭ ಇದೆಯೆಂದು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ಇದನ್ನೂ ಚಿತ್ರದ ಪಕ್ಕದಲ್ಲಿ ಎರಡು ಸಾಲು ಸೇರಿಸಿದ್ದರೆ ಬಣ್ಣ ಹಚ್ಚುವಾಗ ನಮಗೂ ಸ್ವಲ್ಪ ಉತ್ಸಾಹ ಬರುತ್ತಿತ್ತು.

ಆ ಪುಸ್ತಕದಲ್ಲಿ ಬರುವ ಒಂದು ಪ್ರವಾಸ ನಮ್ಮ ಪಾಂಡಿಚೇರಿಗೆ ಸಂಬಂಧಿಸಿದ್ದು. ಅದನ್ನು ಹೇಳದೆ ಇರಲಾರೆ. ಸೂರ್ಯನ ಮುಖದ ಮೇಲೆ ಶುಕ್ರಗ್ರಹ ಒಂದು ಕಪ್ಪು ಚುಕ್ಕೆಯಾಗಿ ಹಾದುಹೋಗುವುದನ್ನು ಶುಕ್ರ ಸಂಕ್ರಮಣ ಎನ್ನುತ್ತಾರೆ. ಭೂಮಿಯ ಬೇರೆ ಬೇರೆ ಕಡೆಗಳಿಂದ ಇದನ್ನು ನೋಡಿ ಕಾಲವನ್ನು ಅಳೆದರೆ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದು. ಎಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ಬಂದರೆ ಮತ್ತೆ ನೂರಕ್ಕೂ ಹೆಚ್ಚು ವರ್ಷ ಬರುವುದಿಲ್ಲ. 1761ರ ಜೂನ್ 6ರ ಸಂಕ್ರಮಣವನ್ನು ನೋಡಲೆಂದು ಗಿಯೋಮ್ ಲೆ ಜಾಂಟಿ ಎಂಬ ಫ್ರೆಂಚ್ ಖಗೋಳಜ್ಞ ಒಂದು ವರ್ಷಕ್ಕೂ ಮೊದಲೇ ಹೊರಟ. ಅಷ್ಟರಲ್ಲಿ ಬ್ರಿಟಿಷರು ಪಾಂಡಿಚೇರಿಯನ್ನು ಹಿಡಿದಿದ್ದರು. ಸಂಕ್ರಮಣದ ದಿನ ಆತ ನಡುಗಡಲಿನಲ್ಲಿ ಓಲಾಡುವ ಹಡಗಿನ ಮೇಲಿದ್ದ. ಆಕಾಶ ನಿರ್ಮಲವಾಗಿತ್ತು, ಅಳತೆ ಮಾತ್ರ ಅಸಾಧ್ಯ. ಇರಲಿ, ಇನ್ನೊಂದು ಇದೆಯಲ್ಲ ಎಂದು ಎಂಟು ವರ್ಷ ಈ ಕಡೆಯ ಕಡಲುಗಳಲ್ಲೇ ಉಳಿದ. ಪಾಂಡಿಚೇರಿ ಮತ್ತೆ ಫ್ರೆಂಚರ ಕೈಗೆ ಬಂದ ಮೇಲೆ ಅಲ್ಲಿ ವೀಕ್ಷಣಾಲಯ ಕಟ್ಟಿಕೊಂಡು, ಯಂತ್ರಗಳನ್ನು ಸಿದ್ಧಮಾಡಿಕೊಂಡು ಕಾದ. 1769ರ ಜೂನ್ 4ರ ಬೆಳಿಗ್ಗೆ, ಸರಿಯಾಗಿ ಸಂಕ್ರಮಣದ ಹೊತ್ತಿಗೆ ಮೋಡ ಕವಿಯಿತು. ಅದು ಮುಗಿದ ಮೇಲೆ ಬಿಸಿಲು ಬಂತು. ರೋಗ, ಬಿರುಗಾಳಿಗಳನ್ನು ದಾಟಿ 1771ರಲ್ಲಿ ಮನೆ ಸೇರಿದರೆ, ಆತ ಸತ್ತಿದ್ದಾನೆಂದು ತಿಳಿದ ಬಂಧುಗಳು ಆಸ್ತಿಯನ್ನು ಹಂಚಿಕೊಳ್ಳುತ್ತಿದ್ದರು!

ಇದನ್ನು ಓದಿ ನೀವು ನಗುತ್ತೀರಿ. ನಗುವಾಗ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆಯೂ ಆಗುತ್ತದೆ. ಲೆ ಜಾಂಟಿಯನ್ನು ಬ್ರೈಸನ್ ಪೆದ್ದನನ್ನಾಗಿ ಮಾಡುವುದಿಲ್ಲ. ಆತ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ, ಮೋಡ ಮಾತ್ರ ಅವನ ಮಾತು ಕೇಳಲಿಲ್ಲ. 2004ರಲ್ಲೂ 2012ರಲ್ಲೂ ನಮ್ಮ ದೇಶದಲ್ಲಿ ಶುಕ್ರ ಸಂಕ್ರಮಣ ಕಾಣುವುದಿತ್ತು, ಎರಡೂ ಜೂನ್ ತಿಂಗಳ ಮೊದಲ ವಾರ ದಾಟುವ ಹೊತ್ತಿಗೆ, ನಮ್ಮ ಮುಂಗಾರಿನ ಮೋಡದ ಕಾಲದಲ್ಲಿ. ಮುಂದಿನದು 2117ಕ್ಕೆ. ನೋಡದೆ ತಪ್ಪಿಸಿಕೊಂಡವರೆಲ್ಲರೂ ಲೆ ಜಾಂಟಿಯ ಬಳಗದವರೇ.

ವಿಜ್ಞಾನವನ್ನು ಔಪಚಾರಿಕವಾಗಿ ಓದದ ಈ ವಿನೋದಗಾರನಿಗೆ ಆ ಪುಸ್ತಕಕ್ಕಾಗಿ 2004ರಲ್ಲಿ ಅವೆಂಟಿಸ್ ವಿಜ್ಞಾನ ಗ್ರಂಥ ಪ್ರಶಸ್ತಿ ಬಂತು. ಡರ್ಹಮ್ ವಿಶ್ವವಿದ್ಯಾಲಯ ಅವರನ್ನು 2005ರಿಂದ 2011ರವರೆಗೆ ತನ್ನ ಕುಲಾಧಿಪತಿಯನ್ನಾಗಿ ಮಾಡಿಕೊಂಡಿತು. ಪುಸ್ತಕದಲ್ಲಿ ಹಳತಾದ ಭಾಗಗಳೂ ಇದ್ದವು. ಪ್ಲೂಟೋ 2006ರಲ್ಲಿ ಗ್ರಹದ ಪಟ್ಟ ಕಳೆದುಕೊಂಡದ್ದು ನಿಮಗೆ ಗೊತ್ತೇ ಇದೆ. ಅಂಥವನ್ನೆಲ್ಲ ತಿದ್ದಿ 2025ರಲ್ಲಿ ಹೊಸ ಆವೃತ್ತಿ ಹೊರಡಿಸಿದರು.

2010ರಲ್ಲಿ ಅವರು ಪ್ರವಾಸದ ಗಡಿಯನ್ನು ಇನ್ನೂ ಚಿಕ್ಕದು ಮಾಡಿಕೊಂಡರು. 'ಅಟ್ ಹೋಮ್' ಎಂಬ ಪುಸ್ತಕದಲ್ಲಿ, ಇಂಗ್ಲೆಂಡಿನಲ್ಲಿ ತಾವು ವಾಸಿಸುತ್ತಿದ್ದ ಹಳೆಯ ಪಾದ್ರಿ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದೇ ಪ್ರವಾಸ. ಇಷ್ಟೊಂದು ಸಂಬಾರ ಪದಾರ್ಥಗಳಿರುವಾಗ ಊಟದ ಮೇಜಿನ ಮೇಲೆ ಉಪ್ಪು ಮತ್ತು ಕಾಳುಮೆಣಸೇ ಯಾಕೆ, ಎಂಬಂಥ ಪ್ರಶ್ನೆಗಳಿಂದ ಅದು ಹೊರಡುತ್ತದೆ. ಆ ಕಾಳುಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯದು. ಅದರ ಆಸೆಗೆ ಹಡಗು ಹೊರಟದ್ದರಿಂದಲೇ ಜಗತ್ತಿನ ಭೂಪಟ ಬದಲಾದದ್ದು. ಇತ್ತ ನಮ್ಮ ಅಡಿಗೆಮನೆಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗೆಡ್ಡೆ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಇದನ್ನು ನಗುನಗುತ್ತಲೇ ಕನ್ನಡಿಗರಿಗೆ ಹೇಳಿದವರು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ, 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕದಲ್ಲಿ. ಅವರ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸದ ಕಥೆ. ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಅದೇ ಪ್ರಶಸ್ತಿ 'ಅಮೆರಿಕದಲ್ಲಿ ಗೊರೂರು' ಎಂಬ ಇನ್ನೊಂದು ವಿನೋದದ ಪ್ರವಾಸ ಕಥನಕ್ಕೆ ಬಂತು. ಇಂಗ್ಲಿಷ್ ಪುಸ್ತಕ ಸಿಕ್ಕದಿದ್ದರೆ ಚಿಂತೆಯಿಲ್ಲ, ಇವೆರಡು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದ್ದೇ ಇರಬೇಕು. ಇಲ್ಲದಿದ್ದರೆ ಗ್ರಂಥಪಾಲಕರನ್ನು ಯಾಕೆ ಇಲ್ಲ ಎಂದು ಕೇಳಿ.

ಆ ಹುಡುಗಿಗೆ ನಾನು ಉತ್ತರ ಬರೆದೆ. ಬರೆಯಲು ಮೂರು ದಿನ ಹಿಡಿಯಿತು. ಮಾರನೆಯ ವರ್ಷ ಅದೇ ಸರಣಿಗಾಗಿ ಬೇರೊಂದು ಊರಿಗೆ ಹೋದಾಗ, ಹಳ್ಳದ ಮರಳಿನಲ್ಲಿ ನಮ್ಮ ವ್ಯಾನು ಮತ್ತೆ ಹೂತುಕೊಂಡಿತು. ಕ್ಯಾಮೆರಾದವರು ಅಭ್ಯಾಸಬಲದಿಂದ ಮುಚ್ಚಳ ಹಾಕಲು ಹೊರಟರು. ತಡೆದು, ದಡದ ಮೇಲೆ ನಿಂತು ಎಲ್ಲವನ್ನೂ ತೆಗೆಯಿರಿ ಎಂದೆ. ಕಾರ್ಯಕ್ರಮ ಪ್ರಾರಂಭವಾಗುವುದು ಆ ದೃಶ್ಯದಿಂದಲೇ. ಊರಿನ ನಾಲ್ಕು ಜನ ಲುಂಗಿ ಎತ್ತಿ ಕಟ್ಟಿ ತಳ್ಳುತ್ತಿದ್ದಾರೆ, ಅವರ ನಡುವೆ ನಿರ್ಮಾಪಕರಾದ ನಾವು, ಒಂದು ಚಪ್ಪಲಿ ಮರಳಿನೊಳಗೆ ಹೋಗಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ತಳ್ಳುತ್ತಿದ್ದೇವೋ ಒರಗಿಕೊಂಡಿದ್ದೇವೋ ತಿಳಿಯದಂಥ ಭಂಗಿಯಲ್ಲಿ.

ಪ್ರಸಾರವಾದ ರಾತ್ರಿ ಊರಿನಿಂದ ಅಮ್ಮ ಫೋನು ಮಾಡಿದರು.

'ನೋಡಿದೆ ಕಣೋ ನಿನ್ನ ಕಾರ್ಯಕ್ರಮ. ಬಿ.ಎಸ್ಸಿ. ಓದಿಸಿದ್ದು ಇದಕ್ಕೇನಾ?'